ಸಬ್ಬಸಿಗೆಗೆ ಹೆದರಿ ವೋಲ್ಗಾ ದಂಡೆಗೆ

ಡಿಸೆಂಬರ್ ಬಂತೆಂದರೆ ನಮ್ಮ ಮನೆಗೆ ಅವರೆಕಾಳು ಬರುತ್ತಿತ್ತು, ಅದರ ಬೆನ್ನಿಗೇ ಸಬ್ಬಸಿಗೆ ಸೊಪ್ಪು. ಸಾರಿಗೆ ಅದು, ಉಪ್ಪಿಟ್ಟಿಗೆ ಅದು, ಅಕ್ಕಿರೊಟ್ಟಿಗಂತೂ ಅದೇ. ನನಗೋ ಆ ವಾಸನೆ ಕಂಡರಾಗದು. ರೊಟ್ಟಿಯಿಂದ ಒಂದೊಂದೇ ಎಳೆ ಕಿತ್ತು ತಟ್ಟೆಯಂಚಿಗೆ ಸಾಲಾಗಿ ಇಡುತ್ತಿದ್ದೆ. "ಡಾಕ್ಟ್ರಾಗು ಬಿಡು, ಆಪರೇಷನ್ ಈಗ್ಲೇ ಕಲ್ತಿದೀಯ" ಅಂತ ಅಮ್ಮ ಹಂಗಿಸೋಳು. ಬಾಯಿ ಹರಕೆ ಫಲಿಸಿತು. ಹಾಸನದ ನಾನು ಡಾಕ್ಟರಿಕೆ ಓದಲು ಟ್ವೇರ್‌ಗೆ ಹೊರಟೆ. ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗುವ ರೈಲು ದಾರಿಯಲ್ಲಿ ಸಿಗುವ, ವೋಲ್ಗಾ ದಂಡೆಯ ಊರು. ಚಳಿ, ಭಾಷೆ, ಹೆಣ ಕುಯ್ಯುವ ಕ್ಲಾಸು, ಎಲ್ಲಕ್ಕೂ ಹೆದರಿದ್ದೆ. ಸಬ್ಬಸಿಗೆಯ ಕಾಟ ತಪ್ಪಿತಲ್ಲ ಅನ್ನುವುದೊಂದೇ ಸಮಾಧಾನ.

ಮೊದಲ ದಿನ ಕ್ಯಾಂಟೀನಿಗೆ ಹೋದೆ. ಅವರದನ್ನು 'ಸ್ತಲೋವಯಾ' ಅನ್ನುತ್ತಾರೆ. ಟ್ರೇ ಹಿಡಿದು ಸಾಲಿನಲ್ಲಿ ಸರಿಯುತ್ತಾ ಹೋಗಬೇಕು. 'ಮೊದಲನೆಯದು' ಅಂದರೆ ಸೂಪು, 'ಎರಡನೆಯದು' ಅಂದರೆ ಹೊಟ್ಟೆ ತುಂಬುವಂಥದ್ದು, 'ಮೂರನೆಯದು' ಹಣ್ಣು ಬೇಯಿಸಿದ ಸಿಹಿನೀರು, ಕಂಪೋತ್. ಬೋರ್ಶ್ ನೋಡಿದ್ದೇ ಹೋದ ಜೀವ ಬಂತು. ಥೇಟ್ ಬೀಟ್‌ರೂಟ್ ಸಾರು! (ಅದು ಯಾರ ಮನೆಯ ಸಾರು ಎಂಬ ಜಗಳವಿದೆ. 2022ರಲ್ಲಿ ಯುನೆಸ್ಕೊ ಉಕ್ರೇನಿನ ಬೋರ್ಶ್ ಅಡುಗೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ರಷ್ಯನ್ ಕ್ಯಾಂಟೀನಿನ ಸಾಲಿನಲ್ಲಿ ನಿಂತು ಅದನ್ನು ಹೇಳುವಷ್ಟು ದಡ್ಡ ನಾನಲ್ಲ.) ಬಡಿಸುವಾಕೆ ಮೇಲೊಂದು ಸೌಟು ಸ್ಮೆತಾನಾ ಹಾಕಿದಳು. ಅದು ಹುಳಿ ಬಂದ ಗಟ್ಟಿ ಕೆನೆ. ಅಲ್ಲಿಗೇ ನಿಲ್ಲಿಸಬಾರದೇ? ಪಕ್ಕದ ಬಟ್ಟಲಿಗೆ ಕೈಹಾಕಿ ಹಸಿರು ಉದುರಿಸಿದಳು. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು.

ಅಲ್ಲಿ ಅದರ ಹೆಸರು ಉಕ್ರೋಪ್. ಬೇಯಿಸಿದ ಆಲೂಗಡ್ಡೆಯ ಮೇಲೆ ಉಕ್ರೋಪ್, ಮಾಂಸ ತುಂಬಿದ ಪುಟ್ಟ ಕಡುಬಿನಂಥ ಪೆಲ್ಮೆನಿ ಮೇಲೆ ಉಕ್ರೋಪ್, ಸೌತೆಕಾಯಿ ಉಪ್ಪಿನಕಾಯಿ ಜಾಡಿಯೊಳಗೆ ಹೂವಿನ ಕೊಡೆ ಸಮೇತ ಉಕ್ರೋಪ್. ಚಿಪ್ಸ್ ಪೊಟ್ಟಣ ಒಡೆದರೆ ಅಲ್ಲೂ ಘಮ್ಮೆಂದಿತು. ಎಳೆಗೂಸಿನ ಹೊಟ್ಟೆನುಲಿತಕ್ಕೆ 'ಸಬ್ಬಸಿಗೆ ನೀರು' ಕುಡಿಸುತ್ತಾರಂತೆ. ನಮ್ಮಲ್ಲಿ ಬಾಣಂತಿಗೆ ಸೊಪ್ಪು, ಅಲ್ಲಿ ನೇರ ಕೂಸಿಗೇ.

ಮರುದಿನದ ಹೊತ್ತಿಗೆ 'ನ್ಯೆತ್' ಅಂದರೆ 'ಇಲ್ಲ' ಎಂದು ಕಲಿತಿದ್ದೆ. ಬಡಿಸುವಾಕೆಯ ಮುಂದೆ ನಿಂತು, ವಿನಯಕ್ಕೆಂದು ಸ್ವಲ್ಪ ರಾಗ ಎಳೆದು, "ಉಕ್ರೋಪ್... ನ್ಯೆತ್?" ಅಂದೆ. ಆ ರಾಗಕ್ಕೆ ಅದು 'ಸಬ್ಬಸಿಗೆ ಇಲ್ವಾ?' ಎಂದಾಗುತ್ತದೆಂದು ನನಗೇನು ಕನಸೇ? ಆಕೆಯ ಮುಖ ಅರಳಿತು. "ಯೆಸ್ತ್, ಯೆಸ್ತ್!" ಇದೆ ಕಣಪ್ಪಾ, ಇದೆ! ಹಿಡಿ ತುಂಬ ಸುರಿದಳು. 'ಬೆಜ್ ಉಕ್ರೋಪಾ' ಅಂದರೆ ಸಬ್ಬಸಿಗೆ ಬೇಡ ಎಂದು ಕಲಿಯುವಷ್ಟರಲ್ಲಿ ತಿಂಗಳಾಗಿತ್ತು. ಅಷ್ಟರೊಳಗೆ ನಾನು ಆ ಕ್ಯಾಂಟೀನಿನಲ್ಲಿ ಸಬ್ಬಸಿಗೆಪ್ರಿಯ ಭಾರತೀಯನೆಂದು ಹೆಸರು ಮಾಡಿಬಿಟ್ಟಿದ್ದೆ.

ಮಾಂಸ ತಿನ್ನದ ಗೆಳೆಯನ ಪಾಡು ಇನ್ನೂ ಕಷ್ಟ. 'ಮಾಂಸ ಬೇಡ' ಅಂದರೆ ಕೋಳಿ ತಂದಿಡುತ್ತಿದ್ದರು. ಕೋಳಿ ಮಾಂಸವಲ್ಲವಂತೆ, ಕೋಳಿಯಂತೆ.

ಇನ್ನು ಕೆಫೀರ್. ಪೊಟ್ಟಣದ ಮೇಲೆ ಹಸುವಿನ ಚಿತ್ರ, 2.5% ಎಂಬ ಅಂಕಿ. ಹಾಲೆಂದೇ ತಂದು, ಊರಿಂದ ಜೋಪಾನವಾಗಿ ಹೊತ್ತು ತಂದಿದ್ದ ಕಾಫಿಪುಡಿಯ ಮೊದಲ ಡಿಕಾಕ್ಷನ್‌ಗೆ ಬೆರೆಸಿದೆ. ಕಣ್ಣೆದುರೇ ಒಡೆದು ಚೂರುಚೂರಾಯಿತು. ಕೆಫೀರ್ ಅಂದರೆ ಹುಳಿ ಬರಿಸಿದ ಹಾಲಂತೆ. ಅಳಲಿಲ್ಲ ಅಂದರೆ ಸುಳ್ಳಾದೀತು. ಉಳಿದದ್ದನ್ನು ಏನು ಮಾಡುವುದೆಂದು ಅನ್ನಕ್ಕೆ ಕಲಸಿ ಸಾಸಿವೆ ಒಗ್ಗರಣೆ ಕೊಟ್ಟೆ ನೋಡಿ, ಮೊಸರನ್ನ! ನಾಲಿಗೆ ಮೇಲೆ ತುಸು ಚುರುಗುಟ್ಟುತ್ತಿತ್ತು, ಅಷ್ಟೆ. ರೂಮಿನ ರಷ್ಯನ್ ಹುಡುಗ ರೋಗಿಯನ್ನು ನೋಡುವಂತೆ ನನ್ನನ್ನು ನೋಡಿದ. ಅವನೇ ಬೇಸಿಗೆಯಲ್ಲಿ ಸೌತೆಕಾಯಿ, ಆಲೂಗಡ್ಡೆ, ಮೊಟ್ಟೆ, ಸಾಸೇಜ್ ಹೆಚ್ಚಿಟ್ಟು, ಕಪ್ಪು ಬ್ರೆಡ್ ಹುಳಿಸಿ ಮಾಡುವ ಕ್ವಾಸನ್ನು ತಣ್ಣಗೆ ಅದರ ಮೇಲೆ ಸುರಿದು, ಅಕ್ರೋಷ್ಕಾ ಅಂತ ಚಪ್ಪರಿಸುವವನು. ಮೇಲೆ ಏನು ಉದುರಿಸುತ್ತಿದ್ದನೆಂದು ಬೇರೆ ಹೇಳಬೇಕಿಲ್ಲ.

ಎರಡನೇ ವರ್ಷದ ಒಂದು ಭಾನುವಾರ ಅಕ್ಕಿರೊಟ್ಟಿಯ ಚಪಲ ಹತ್ತಿತು. ಅಂಗಡಿಯಲ್ಲಿ ಅಕ್ಕಿಹಿಟ್ಟು ಸಿಕ್ಕಿತು, ಈರುಳ್ಳಿ ಇತ್ತು, ಹಸಿಮೆಣಸಿನ ಬದಲು ಖಾರದ ಪುಡಿ. ತಟ್ಟಿ ಬೇಯಿಸಿ ಬಾಯಿಗಿಟ್ಟರೆ ಏನೋ ಬೋಳುಬೋಳು. ಎರಡನೇ ರೊಟ್ಟಿ ತಿಂದಾಗಲೂ ಒಪ್ಪಿಕೊಳ್ಳಲಿಲ್ಲ. ಮೂರನೆಯದಕ್ಕೆ ಎದ್ದು ಕೆಳಗಿಳಿದೆ. ಹಾಸ್ಟೆಲ್ ಬಾಗಿಲು ಕಾಯುವ ಅಜ್ಜಿ ಊರಾಚೆಯ ತನ್ನ ದಾಚಾ ತೋಟದಿಂದ ಆಗಷ್ಟೇ ಬಂದಿದ್ದರು. ಕಾಲ ಬಳಿ ಚೀಲ. ಗಂಟಲು ಸರಿಮಾಡಿಕೊಂಡು, ಈ ಸಲ ಬೇಕೆಂದೇ ರಾಗ ಎಳೆದೆ.

"ಉಕ್ರೋಪ್... ನ್ಯೆತ್?"

"ಯೆಸ್ತ್!" ಅಂದು ಒಂದು ಕಟ್ಟು ಕೊಟ್ಟರು.

ಬಿಸಿರೊಟ್ಟಿ ಒಯ್ದು ಕೊಟ್ಟೆ. ಅಜ್ಜಿ ಚೂರು ಮುರಿದು ಬಾಯಿಗಿಟ್ಟು, ಕಣ್ಣುಮುಚ್ಚಿ ಅಗಿದು, ಹೌದೆಂಬಂತೆ ತಲೆದೂಗಿದರು. ಆಮೇಲೆ ಎದ್ದುಹೋಗಿ ಸ್ಮೆತಾನಾ ಡಬ್ಬಿ ತಂದು ರೊಟ್ಟಿ ಕಾಣದಂತೆ ಸುರಿದುಕೊಂಡರು.