ಮಿಸೌರಿಗೆ ಎರಡು, ಇಡೀ ಪಶ್ಚಿಮಕ್ಕೆ ಒಂದು

ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ (ಚಿಕ್ಕದಾಗಿ ಫೆಡ್) ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಮಿಸೌರಿ ವಿಷಯ ಎತ್ತಿ ನಗುತ್ತಾರೆ. ಅಲ್ಲಿ ದೇಶವನ್ನು 12 ವಲಯ ಮಾಡಿ, ಒಂದೊಂದಕ್ಕೂ ಒಂದು ರಿಸರ್ವ್ ಬ್ಯಾಂಕ್ ಕೊಟ್ಟಿದ್ದಾರೆ. ಅದರಲ್ಲಿ ಎರಡು ಒಂದೇ ರಾಜ್ಯದಲ್ಲಿವೆ. ಸೇಂಟ್ ಲೂಯಿಸ್, ಕಾನ್ಸಸ್ ಸಿಟಿ, ಎರಡೂ ಮಿಸೌರಿ. ಈ ಊರುಗಳನ್ನು ಆರಿಸಿದ 1914ರಲ್ಲಿ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದ ಚಾಂಪ್ ಕ್ಲಾರ್ಕ್ ಮಿಸೌರಿಯವರು. ಸೆನೆಟ್ಟಿನ ಬ್ಯಾಂಕಿಂಗ್ ಸಮಿತಿಯಲ್ಲಿದ್ದ ಜೇಮ್ಸ್ ರೀಡ್ ಕೂಡ ಮಿಸೌರಿಯವರು. ಇನ್ನೇನು ಬೇಕು ಕತೆ ಕಟ್ಟೋಕೆ?

ಆದರೆ ನಗಬೇಕಾದ್ದು ಮಿಸೌರಿ ನೋಡಿ ಅಲ್ಲ, ಸ್ಯಾನ್ ಫ್ರಾನ್ಸಿಸ್ಕೋ ನೋಡಿ ಅನ್ನೋದು ನನ್ನ ವಾದ.

1913ರ ಡಿಸೆಂಬರ್ 23ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಫೆಡರಲ್ ರಿಸರ್ವ್ ಹುಟ್ಟುಹಾಕುವ ಕಾನೂನಿಗೆ ಸಹಿ ಹಾಕಿದರು. ವಲಯಗಳು 8ಕ್ಕಿಂತ ಕಡಿಮೆ ಇರಬಾರದು, 12ಕ್ಕಿಂತ ಜಾಸ್ತಿ ಇರಬಾರದು ಅಂತ ಅದರಲ್ಲಿತ್ತು. ಗಡಿ ಹಾಕುವಾಗ ರಾಜ್ಯದ ಗೆರೆ ಹಿಡಿಯಬೇಕಾಗಿಲ್ಲ, ವ್ಯಾಪಾರ ಯಾವ ಕಡೆ ಹರಿಯುತ್ತದೋ ಅದನ್ನು ನೋಡಿ ಅಂತಲೂ ಇತ್ತು. ಹಣಕಾಸು ಸಚಿವ ಮ್ಯಾಕಡೂ ಮತ್ತು ಕೃಷಿ ಸಚಿವ ಹೂಸ್ಟನ್ ಊರೂರು ಸುತ್ತಿ ಅಹವಾಲು ಕೇಳಿದರು. ನಮ್ಮೂರಿಗೆ ಕೊಡಿ ಅಂತ 37 ಊರುಗಳು ಕೇಳಿಕೊಂಡವು. ಬ್ಯಾಂಕುಗಳಿಗೂ ಬರೆದು, ನಿಮಗೆ ಯಾವ ಊರು ಬೇಕು ಅಂತ ಕೇಳಿದರು. ಕಾನ್ಸಸ್ ಸಿಟಿಗೆ ಸುತ್ತಲಿನ ಬ್ಯಾಂಕುಗಳಿಂದ ಚೆನ್ನಾಗಿಯೇ ಮತ ಬಿತ್ತು. 1914ರ ಏಪ್ರಿಲ್ 2ಕ್ಕೆ ಪಟ್ಟಿ ಹೊರಬಂತು, ನವೆಂಬರ್ 16ಕ್ಕೆ ಬಾಗಿಲು ತೆರೆಯಿತು.

ಅಂದಿನ ಜನಸಂಖ್ಯೆ ನೋಡಿದರೆ ಮಿಸೌರಿ ಅಷ್ಟೇನೂ ವಿಚಿತ್ರ ಕಾಣುವುದಿಲ್ಲ. 1910ರ ಜನಗಣತಿಯಲ್ಲಿ ಮಿಸೌರಿಯಲ್ಲಿ ಸುಮಾರು 33 ಲಕ್ಷ ಜನ, ಕ್ಯಾಲಿಫೋರ್ನಿಯಾದಲ್ಲಿ ಸುಮಾರು 24 ಲಕ್ಷ. ಸೇಂಟ್ ಲೂಯಿಸ್ ಆಗ ದೇಶದ ನಾಲ್ಕನೇ ದೊಡ್ಡ ನಗರ. ರಾಜಕೀಯದ ವಾಸನೆಯೇ ಬೇಕಿದ್ದರೆ ರಿಚ್ಮಂಡ್ ಕಡೆ ನೋಡಿ. ಏಳನೇ ದೊಡ್ಡ ನಗರವಾಗಿದ್ದ ಬಾಲ್ಟಿಮೋರನ್ನು ಬಿಟ್ಟು, ಒಂದೂಕಾಲು ಲಕ್ಷ ಚಿಲ್ಲರೆ ಜನರ ರಿಚ್ಮಂಡಿಗೆ ಕೊಟ್ಟರು. ಕಾನೂನನ್ನು ಕೆಳಮನೆಯಲ್ಲಿ ಮುಂದೆ ನಿಂತು ನಡೆಸಿದ ಕಾರ್ಟರ್ ಗ್ಲಾಸ್ ವರ್ಜೀನಿಯಾದವರು. ಊರು ಆರಿಸಿದ ಮೂವರ ಸಮಿತಿಯಲ್ಲಿದ್ದ ಜಾನ್ ಸ್ಕೆಲ್ಟನ್ ವಿಲಿಯಮ್ಸ್ ರಿಚ್ಮಂಡಿನವರೇ! ಬಾಲ್ಟಿಮೋರಿನವರು ಕೂಗಾಡಿದರು, ನ್ಯೂ ಆರ್ಲಿಯನ್ಸಿನವರೂ ಕೂಗಾಡಿದರು. ಏನೂ ಆಗಲಿಲ್ಲ.

ಇಷ್ಟಕ್ಕೂ ಈ ಗೆರೆ ಎಲ್ಲಿದ್ದರೇನು ಅಂತ ಕೇಳಬಹುದು. ಅದಕ್ಕೆ ಮಿಸಿಸಿಪ್ಪಿ ನೋಡಬೇಕು. ಆ ರಾಜ್ಯದ ಮಧ್ಯದಲ್ಲೇ ಗೆರೆ ಹಾದುಹೋಗುತ್ತದೆ. ಉತ್ತರ ಭಾಗ ಸೇಂಟ್ ಲೂಯಿಸಿಗೆ, ದಕ್ಷಿಣ ಭಾಗ ಅಟ್ಲಾಂಟಾಕ್ಕೆ. 1930ರ ನವೆಂಬರಿನಲ್ಲಿ ಹಲವು ಬ್ಯಾಂಕುಗಳನ್ನು ಕೈಯಲ್ಲಿಟ್ಟುಕೊಂಡಿದ್ದ ನ್ಯಾಶ್‌ವಿಲ್‌ನ ಕಾಲ್ಡ್‌ವೆಲ್ ಕಂಪನಿ ಮುಳುಗಿತು. ಜನ ಬ್ಯಾಂಕಿನ ಮುಂದೆ ಸಾಲುಗಟ್ಟಿದರು. ಅಟ್ಲಾಂಟಾದವರು ಕಷ್ಟದಲ್ಲಿದ್ದ ಬ್ಯಾಂಕುಗಳಿಗೆ ಧಾರಾಳವಾಗಿ ಸಾಲ ಕೊಟ್ಟರು. ಸೇಂಟ್ ಲೂಯಿಸಿನವರು ಕೈ ಬಿಗಿ ಹಿಡಿದರು. ವ್ಯಾಪಾರ ಬಿದ್ದಾಗ ಸಾಲವೂ ಇಳಿಯಬೇಕು ಅನ್ನೋದು ಅವರ ನಂಬಿಕೆ. ಒಂದೇ ರಾಜ್ಯ, ಒಂದೇ ಕಾನೂನು, ಅದೇ ಹತ್ತಿ ಬೆಳೆಯುವ ಜನ. ಗೆರೆಯ ದಕ್ಷಿಣಕ್ಕೆ ಕಡಿಮೆ ಬ್ಯಾಂಕುಗಳು ಮುಚ್ಚಿದವು, ಉತ್ತರಕ್ಕೆ ಜಾಸ್ತಿ. ಗ್ಯಾರಿ ರಿಚರ್ಡ್‌ಸನ್, ವಿಲಿಯಂ ಟ್ರೂಸ್ಟ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ದೂರದ ಊರಲ್ಲಿ ಕೂತ ನಾಲ್ಕು ಜನರ ನಂಬಿಕೆಯ ಮೇಲೆ ಒಬ್ಬ ರೈತನ ಠೇವಣಿ ಉಳಿಯಿತು, ಇನ್ನೊಬ್ಬನದು ಹೋಯಿತು.

ಈಗ ಅಷ್ಟು ಸ್ವಾತಂತ್ರ್ಯ ಈ 12 ಬ್ಯಾಂಕುಗಳಿಗಿಲ್ಲ. 1935ರ ಕಾನೂನು ಹೆಚ್ಚಿನ ಅಧಿಕಾರವನ್ನು ವಾಷಿಂಗ್ಟನ್ನಿಗೆ ಎಳೆದುಕೊಂಡಿತು. ಆದರೂ ತಮ್ಮ ವಲಯದ ಬ್ಯಾಂಕುಗಳ ಮೇಲೆ ಕಣ್ಣಿಡುವುದು, ಬಡ್ಡಿದರದ ಸಭೆಯಲ್ಲಿ ಮತ ಹಾಕುವುದು ಇನ್ನೂ ಉಳಿದಿದೆ. ನನ್ನ ತಕರಾರು ಇರುವುದು ಇಲ್ಲೇ.

ಸ್ಯಾನ್ ಫ್ರಾನ್ಸಿಸ್ಕೋ ವಲಯದಲ್ಲಿ 9 ರಾಜ್ಯಗಳಿವೆ. ಅಲಾಸ್ಕಾದಿಂದ ಅರಿಝೋನಾವರೆಗೆ, ಜೊತೆಗೆ ಹವಾಯಿ, ಗುವಾಮ್. ಅಮೆರಿಕದ ಐದರಲ್ಲಿ ಒಂದು ಪಾಲು ಜನ ಇಲ್ಲಿದ್ದಾರೆ. ಮಿನಿಯಾಪೊಲಿಸ್ ವಲಯದಲ್ಲಿ ನೂರಕ್ಕೆ ಮೂರು ಜನವೂ ಇಲ್ಲವೇನೋ. ನ್ಯೂಯಾರ್ಕ್‌ಗೆ ಪ್ರತಿ ವರ್ಷ ಮತ ಇದೆ. ಚಿಕಾಗೊ ಮತ್ತು ಕ್ಲೀವ್‌ಲ್ಯಾಂಡ್‌ಗೆ ವರ್ಷ ಬಿಟ್ಟು ವರ್ಷ. ಸ್ಯಾನ್ ಫ್ರಾನ್ಸಿಸ್ಕೋಗೆ? ಮೂರು ವರ್ಷಕ್ಕೊಮ್ಮೆ, ಅದೂ ಮಿನಿಯಾಪೊಲಿಸ್ ಮತ್ತು ಕಾನ್ಸಸ್ ಸಿಟಿ ಜೊತೆ ಸರದಿಯಲ್ಲಿ. 1942ರಲ್ಲಿ ಮಾಡಿದ ಸರದಿ ಇವತ್ತಿಗೂ ನಡೆಯುತ್ತಿದೆ.

ನಮ್ಮ ಕನ್ನಡದವರು ಎಷ್ಟೋ ಜನ ಇರುವ ಫ್ರೀಮಾಂಟ್, ಸನಿವೇಲ್ ಎಲ್ಲ ಈ ವಲಯದ್ದೇ. 2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿದಾಗ ಸ್ಟಾರ್ಟಪ್‌ನಲ್ಲಿದ್ದವರಿಗೆ ಸಂಬಳದ ಚಿಂತೆ ಹತ್ತಿತ್ತು, ನೆನಪಿರಬಹುದು. ಅದರ ಮೇಲ್ವಿಚಾರಣೆ ಸ್ಯಾನ್ ಫ್ರಾನ್ಸಿಸ್ಕೋ ಫೆಡ್‌ನದು. ಆ ಬ್ಯಾಂಕಿನ ಸಿಇಓ ಅದೇ ಫೆಡ್‌ನ ನಿರ್ದೇಶಕರ ಮಂಡಳಿಯಲ್ಲಿ ಕೂತಿದ್ದರು! ವಲಯ ದೊಡ್ಡದಾದ್ದಕ್ಕೇ ಹಾಗಾಯಿತು ಅನ್ನುವುದು ಅತಿಯಾಗುತ್ತದೆ. ಆದರೆ ಟೆಕ್ ಕಂಪನಿ, ಲಾಸ್ ವೇಗಸ್‌ನ ಕ್ಯಾಸಿನೊ, ಹವಾಯಿಯ ಪ್ರವಾಸೋದ್ಯಮ, ಐಡಾಹೋದ ಆಲೂಗಡ್ಡೆ, ಎಲ್ಲದಕ್ಕೂ ಒಂದೇ ಬ್ಯಾಂಕು ಅಂದ್ರೆ ಹೇಗೆ?

ನಮ್ಮಲ್ಲಿ ಈ ಜಗಳವೇ ಇಲ್ಲ ಬಿಡಿ. 1935ರಲ್ಲಿ ರಿಸರ್ವ್ ಬ್ಯಾಂಕ್ ಶುರುವಾದಾಗ ಷೇರುದಾರರನ್ನು ಐದು ವಲಯ ಮಾಡಿದ್ದರು: ಬಾಂಬೆ, ಕಲ್ಕತ್ತಾ, ದೆಹಲಿ, ಮದ್ರಾಸ್, ರಂಗೂನ್. ಹೌದು, ರಂಗೂನ್! ಈಗ ನಾಲ್ಕು ಸ್ಥಳೀಯ ಮಂಡಳಿಗಳಿವೆ, ಅವುಗಳ ಕೆಲಸ ಸಲಹೆ ಕೊಡುವುದು. ಬಡ್ಡಿದರ ತೀರ್ಮಾನಿಸುವ ಆರು ಜನರಲ್ಲಿ ದಕ್ಷಿಣಕ್ಕೆ ಅಂತ, ಪೂರ್ವಕ್ಕೆ ಅಂತ ಸೀಟೇ ಇಲ್ಲ.

ಹಾಗಾದರೆ ಅಮೆರಿಕದವರು ಏನು ಮಾಡಬೇಕು? ಮಿಸೌರಿಯ ಒಂದು ಬ್ಯಾಂಕ್ ಕಿತ್ತು ಲಾಸ್ ಏಂಜಲೀಸ್‌ನಲ್ಲಿ ಹಾಕಿ ಅನ್ನುವವರಿದ್ದಾರೆ. ಸುಮ್ನೆ ಮಾತು. ಸಂಖ್ಯೆ ಇಳಿಸುವ ಯೋಚನೆ 1915ರಲ್ಲೇ ಬಂದಿತ್ತು. ವಲಯ ರದ್ದು ಮಾಡುವ ಅಧಿಕಾರ ವಾಷಿಂಗ್ಟನ್ನಿನ ಫೆಡ್ ಮಂಡಳಿಗೆ ಇಲ್ಲ ಅಂತ ಅಟಾರ್ನಿ ಜನರಲ್ ಹೇಳಿಬಿಟ್ಟರು. ಗಡಿ ಸರಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಕನೆಕ್ಟಿಕಟ್‌ನ ಫೇರ್‌ಫೀಲ್ಡ್ ಕೌಂಟಿಯನ್ನು ಬಾಸ್ಟನ್‌ನಿಂದ ತೆಗೆದು ನ್ಯೂಯಾರ್ಕ್‌ಗೆ ಸೇರಿಸಿದ್ದು 1916ರಲ್ಲಿ. ಹಾಗೆಯೇ ಅರಿಝೋನಾವನ್ನು ಡಲ್ಲಾಸಿಗೆ ಕೊಡಲಿ. ಅದರ ಒಂದು ಮೂಲೆ ಮೊದಲು ಅಲ್ಲಿಯದೇ ಆಗಿತ್ತು. ಯೂಟಾ, ಐಡಾಹೋ ಪೂರ್ವದ ಕಡೆಗೆ ಹೋಗಲಿ. ಮತದ ಸರದಿ ಬದಲಿಸೋಕೆ ಮಾತ್ರ ಕಾಂಗ್ರೆಸ್ಸಿನಲ್ಲಿ ಕಾನೂನು ತಿದ್ದಬೇಕು. ಕ್ಲೀವ್‌ಲ್ಯಾಂಡಿನವರು ತಮ್ಮ ಪಾಲನ್ನು ಸುಲಭಕ್ಕೆ ಬಿಡುವ ಹಾಗೆ ನನಗಂತೂ ಕಾಣುವುದಿಲ್ಲ.