ಸತ್ಯಾಂಶ: ಸೆಂಪರ್ವೈವಮ್ ಸಿಡಿಲು ತಡೆಯುವುದಿಲ್ಲ, ಚಿರಂಜೀವಿಯೂ ಅಲ್ಲ

‘ಯುರೋಪಿನವರು ಮಾಡಿನ ಮೇಲೆ ಬೆಳೆಸುವ ಈ ಗಿಡ ಸಾಯುವುದೇ ಇಲ್ಲ, ಇದಿದ್ದರೆ ಮನೆಗೆ ಸಿಡಿಲು ಬಡಿಯದು’ ಎನ್ನುವ ಫಾರ್ವರ್ಡ್ ಪೂರ್ತಿ ನಿಜವಲ್ಲ.

ಇದು ಆಲ್ಪ್ಸ್, ಪಿರನೀಸ್ ಪರ್ವತಗಳ ಬಂಡೆಸಂದಿನಲ್ಲಿ ಬೆಳೆಯುವ, ದಪ್ಪ ಎಲೆಗಳ ಸೆಂಪರ್ವೈವಮ್ ಟೆಕ್ಟೋರಮ್ ಎಂಬ ಗಿಡ. ನಂಬಿಕೆ ಹಳೆಯದು: ಕ್ರಿ.ಶ. 800ರ ಆಸುಪಾಸಿನ, ಪಶ್ಚಿಮ ಯುರೋಪನ್ನು ಆಳಿದ ದೊರೆ ಶಾರ್ಲಮೇನ್ ಕಾಲದ ರಾಜಾಜ್ಞೆಯೊಂದು ತೋಟಗಾರ ತನ್ನ ಮನೆಯ ಮೇಲೆ ಇದನ್ನು ಬೆಳೆಸಬೇಕು ಎನ್ನುತ್ತದೆ. ಆದರೆ ಸಿಡಿಲನ್ನು ಸುರಕ್ಷಿತವಾಗಿ ನೆಲಕ್ಕಿಳಿಸಲು ಲೋಹದ ವಾಹಕವೇ ಬೇಕು.

ಇನ್ನು ಸಾವಿನ ಮಾತು. ಪ್ರತಿ ಎಲೆಗುಚ್ಛ ಹೂ ಬಿಡುವುದು ಒಂದೇ ಸಲ. ಕೆಲವು ವರ್ಷ ಬೆಳೆದ ಮೇಲೆ ನಡುಭಾಗ ಗೋಪುರದಂತೆ ಮೇಲೇಳುತ್ತದೆ, ಗುಲಾಬಿ ಹೂ ಅರಳುತ್ತದೆ, ಬೀಜ ಕಟ್ಟಿ ಆ ಗುಚ್ಛ ಒಣಗುತ್ತದೆ. ಅದು ರೋಗವಲ್ಲ, ನೀರು ಸುರಿದು ಉಳಿಸಲು ಹೋಗಬೇಡಿ. ಅಷ್ಟರಲ್ಲಿ ಸುತ್ತಲೂ ದಾರದಂಥ ಕಾಂಡಗಳ ತುದಿಯಲ್ಲಿ ಮರಿಗಳು ಬೇರೂರಿರುತ್ತವೆ. ಅವನ್ನು ಬಿಡಿಸಿ ಅರ್ಧ ಮಣ್ಣು, ಅರ್ಧ ದಪ್ಪ ಮರಳಿನ ಮೇಲೆ ಕೂರಿಸಿದರೆ ಸಾಕು.

ಹಿಮ ಇದನ್ನು ಕೊಲ್ಲುವುದು ಅಪರೂಪ. ಬುಡದಲ್ಲಿ ನಿಂತ ನೀರು ಕೊಲ್ಲುತ್ತದೆ. ಕೆಳಗಿನ ಎಲೆ ಗಾಜಿನಂತೆ ಪಾರದರ್ಶಕವಾಗಿ ಮೆತ್ತಗಾದರೆ ಕೊಳೆತ ಶುರುವಾಗಿದೆ ಎಂದರ್ಥ.

ನಮ್ಮ ನರ್ಸರಿಗಳಲ್ಲಿ ಸಿಗುವ ಎಚೆವೇರಿಯಾ ನೋಡಲು ಹೀಗೇ ಇದ್ದರೂ ಬೇರೆ ಗಿಡ. ಅದರ ಹೂವಿಗೆ ಐದೇ ದಳ, ಇದಕ್ಕೆ ಹತ್ತಕ್ಕೂ ಹೆಚ್ಚು.