ಸ್ಪಷ್ಟನೆ: ಈ ಎದೆ ಬಡಿತ ‘ಬರೀ ಟೆನ್ಷನ್’ ಅಲ್ಲ

‘ಹುಟ್ಟಿನಿಂದ ಬಂದ ಹೃದಯದ ತೊಂದರೆಗೆ ಚಿಕ್ಕಂದಿನಲ್ಲೇ ಆಪರೇಷನ್ ಆಗಿದ್ದರೆ ಮುಗಿಯಿತು. ದೊಡ್ಡವರಾದ ಮೇಲೆ ಎದೆ ಡವಡವ ಅಂದರೆ ಅದು ಬರೀ ಟೆನ್ಷನ್’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ನಂಬಿ ಸುಮ್ನೆ ಕೂತರೆ ಅಪಾಯ.

ಆಪರೇಷನ್‌ನಲ್ಲಿ ಹೊಲಿಗೆ ಬಿದ್ದ ಜಾಗದಲ್ಲಿ ಕಲೆ ಉಳಿಯುತ್ತದೆ. ಹೃದಯವನ್ನು ಬಡಿಸುವ ವಿದ್ಯುತ್ ಅದನ್ನು ದಾಟಲಾರದೆ ಸುತ್ತಲೂ ಗಿರಕಿ ಹೊಡೆಯಲು ಶುರು ಮಾಡಬಹುದು, ಆಗ ಬಡಿತ ಏರುತ್ತದೆ. ಆಪರೇಷನ್ ಆಗಿ 20, 30 ವರ್ಷ ಕಳೆದ ಮೇಲೂ ಹೀಗಾಗುತ್ತದೆ. ಫ್ಯಾಲೋಟ್ ಟೆಟ್ರಾಲಜಿ (ಹುಟ್ಟಿನಿಂದಲೇ ಹೃದಯದಲ್ಲಿ ನಾಲ್ಕು ದೋಷ ಒಟ್ಟಿಗೆ ಇರುವುದು) ಇದ್ದವರಲ್ಲಿ, ಫಾಂಟನ್ ಆಪರೇಷನ್ (ರಕ್ತ ಪಂಪ್ ಮಾಡುವ ಕೋಣೆ ಒಂದೇ ಸರಿಯಾಗಿರುವ ಹೃದಯಕ್ಕೆ ಮಾಡುವುದು) ಆದವರಲ್ಲಿ ಇದು ಅಪರೂಪವೇನಲ್ಲ.

ನಾಡಿ ಹಿಡಿದು ನೋಡಿ. ಗಾಬರಿಯಿಂದ ಏರಿದ ಬಡಿತ ಮೆಲ್ಲಗೆ ಇಳಿಯುತ್ತದೆ. ಈ ಗಿರಕಿಯಿಂದ ಏರಿದ ಬಡಿತ ಕೆಲವರಲ್ಲಿ ಕೂತರೂ ನಿಮಿಷಕ್ಕೆ 130, ಮಲಗಿದರೂ 130 ಅಂತ ಅಲ್ಲೇ ನಿಂತುಬಿಡುತ್ತದೆ. ಆದರೆ ಬೆರಳಿನ ಲೆಕ್ಕ ನಂಬಿ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಬಡಿತ ಏರಿರುವಾಗಲೇ ಇಸಿಜಿ ತೆಗೆಸಿ. ತಲೆ ಸುತ್ತಿ ಬಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

‘ಮಾತ್ರೆ ಸಾಕು’ ಅನ್ನುವುದೂ ಪೂರ್ತಿ ನಿಜವಲ್ಲ. ಬಡಿತದ ಲಯ ಸರಿಪಡಿಸುವ ಅಮಿಯೊಡರೋನ್ ಒಳ್ಳೆ ಔಷಧಿಯೇ, ಆದರೆ ಹೆಚ್ಚು ಕಾಲ ತಗೊಂಡರೆ ಥೈರಾಯ್ಡ್ ಕೆಡಬಹುದು. ತೊಡೆಯ ರಕ್ತನಾಳದಿಂದ ತೆಳು ವೈರ್ ಕಳಿಸಿ ಆ ಸುತ್ತುದಾರಿಯನ್ನೇ ಸುಟ್ಟು ಮುಚ್ಚುವ ಅಬ್ಲೇಷನ್ ಇದೆ. ಮತ್ತೆ ಬಂದರೆ ಮತ್ತೆ ಮಾಡಿಸಬೇಕಾಗಬಹುದು. ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧಿಯೂ ಬೇಕು. ಬಡಿತ ಸರಿಹೋಯಿತು ಅಂತ ನೀವಾಗಿಯೇ ಅದನ್ನು ನಿಲ್ಲಿಸಬೇಡಿ. ಹುಟ್ಟು ಹೃದಯದೋಷ ಇರುವ ದೊಡ್ಡವರನ್ನು ನೋಡುವ ತಜ್ಞರಿದ್ದಾರೆ, ಅವರ ಹತ್ತಿರವೇ ಹೋಗಿ. ಹಳೇ ಆಪರೇಷನ್ ಕಾಗದಗಳು ಜೊತೆಗಿರಲಿ.